ಒಂದೇ ಕೋಣೆ, ಮೂರು ತರಗತಿ, ಐದು ಭಾಷೆ: ನಿಮ್ಮ ಒಂದು ದಿನ ಹೇಗೆ ಹೋಗುತ್ತದೆ?

ಬಯಲುಸೀಮೆ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಮ್ಮೂರು ಗದಗದ ಕಡೆ. ಎರಡು ತಿಂಗಳ ಹಿಂದೆ ಕೊಡಗಿಗೆ ಪೋಸ್ಟಿಂಗ್ ಆಯಿತು. ಸಿದ್ದಾಪುರದಿಂದ ಒಳಗೆ, ಕಾಫಿ ತೋಟಗಳ ನಡುವೆ ಒಂದು ಕಿರಿಯ ಪ್ರಾಥಮಿಕ ಶಾಲೆ. ಟೀಚರ್ ಅಂತ ಇರುವವರು ನಾವಿಬ್ಬರೇ. ನಾಲ್ಕು, ಐದನೇ ತರಗತಿ ಹೆಡ್ ಮೇಡಂ ನೋಡಿಕೊಳ್ಳುತ್ತಾರೆ. ಒಂದರಿಂದ ಮೂರು, ಅಂದರೆ ಮೂರೂ ತರಗತಿಯವರು ಒಟ್ಟಿಗೆ ಕೂತು ಕಾರ್ಡುಗಳಿಂದ ಕಲಿಯುವ ನಲಿಕಲಿ ಕೋಣೆ, ನನ್ನದು. ಒಟ್ಟು 19 ಮಕ್ಕಳು.

ನನ್ನ ಕಷ್ಟ ಇದು. ಒಂದನೇ ತರಗತಿಯವರಿಗೆ ಅಕ್ಷರ ಹೇಳಿಕೊಡಲು ಕೂತರೆ ಮೂರನೆಯವರು ಕಿಟಕಿ ಹತ್ತುತ್ತಾರೆ. ಮೂರನೆಯವರಿಗೆ ಲೆಕ್ಕ ಹಾಕಿಸಲು ಹೋದರೆ ಒಂದನೆಯವರಲ್ಲಿ ಒಬ್ಬ ಅಳುತ್ತಾನೆ, ಇನ್ನೊಬ್ಬ ನಿದ್ದೆ ಮಾಡುತ್ತಾನೆ. ಹನ್ನೊಂದೂವರೆಗೆಲ್ಲ ನನ್ನ ಗಂಟಲು ಹೋಗಿರುತ್ತದೆ. ಅದರ ಮೇಲೆ ಭಾಷೆ. ಕೆಲವರ ಮನೆಯಲ್ಲಿ ಕೊಡವ ತಕ್ಕ್, ಕೆಲವರದು ಮಲಯಾಳಂ, ಇಬ್ಬರದು ತುಳು. ತೋಟದ ಕೆಲಸಗಾರರ ಲೈನ್ ಮನೆಯಿಂದ ಬರುವ ಮೂವರು ಅಸ್ಸಾಂನವರು. ನನ್ನ ಕನ್ನಡವೇ ಇವರಿಗೆಲ್ಲ ವಿಚಿತ್ರ. ‘ಯಾಕ ಹಂಗ ಕುಂತಿ’ ಅಂದರೆ ಎಲ್ಲರೂ ನಗುತ್ತಾರೆ.

ಟ್ರೈನಿಂಗ್‌ನಲ್ಲಿ ಹೇಳಿದ್ದೆಲ್ಲ ನೋಟ್‌ಬುಕ್‌ನಲ್ಲಿದೆ. ಕಲಿಕೆಯ ಹಂತ ತೋರಿಸುವ ಏಣಿ, ಅದರ ಮೈಲಿಗಲ್ಲು, ತಟ್ಟೆ ಅಂದರೆ ಮಕ್ಕಳ ಗುಂಪು, ಕಾರ್ಡು, ಮಕ್ಕಳು ಎಲ್ಲಿಗೆ ಬಂದರು ಅಂತ ಗುರುತಿಸುವ ಪ್ರಗತಿ ನೋಟ, ಎಲ್ಲ ಗೊತ್ತು. ನನಗೆ ಬೇಕಿರುವುದು ಬೇರೆ. ನಿಜವಾದ ಒಂದು ದಿನ ಬೆಳಗ್ಗೆಯಿಂದ ಸಂಜೆವರೆಗೆ ನಿಮ್ಮ ಕೋಣೆಯಲ್ಲಿ ಹೇಗೆ ಹೋಗುತ್ತದೆ? ಶಾಲೆ ನೋಡಲು ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದ ದಿನದ್ದಲ್ಲ, ಸಾದಾ ದಿನದ್ದು. ಯಾರಾದರೂ ಬರೆಯುತ್ತೀರಾ?

ಮಂಜಿನ ಟೀಚರ್

ಸರ್, ಮೊದಲು ಗಂಟಲು ಉಳಿಸಿಕೊಳ್ಳಿ. ಇನ್ನೂ ಬಹಳ ವರ್ಷ ಬೇಕು ಅದು.

ನಾನು ಪೊನ್ನಂಪೇಟೆ ತಾಲ್ಲೂಕಿನವಳು, ಅಂದರೆ ಕೆಲಸ ಇಲ್ಲಿ. ಹುಟ್ಟಿದ್ದು ಶನಿವಾರಸಂತೆ ಕಡೆ. ನಲಿಕಲಿ ಕೋಣೆಯಲ್ಲಿ ಹನ್ನೆರಡನೇ ವರ್ಷ ಇದು. ಹಾಜರಿಯಲ್ಲಿ 21 ಮಕ್ಕಳು. ಮೊನ್ನೆ ಮಂಗಳವಾರ ಬಂದವರು 17. ಈಗ ರೋಬಸ್ಟಾ ಕುಯ್ಲು ಅಲ್ವಾ, ಜನವರಿ ಪೂರ್ತಿ ಹೀಗೇ. ಆ ಮಂಗಳವಾರದ್ದೇ ಬರೆಯುತ್ತೇನೆ. ಚೆನ್ನಾಗಿ ನಡೆದ ದಿನ ಅಂತ ಅಲ್ಲ, ನೆನಪಿದೆ ಅಂತ.

ನಾನು ಒಂಬತ್ತೂಕಾಲಿಗೆ ಹೋದಾಗ ಏಳು ಮಕ್ಕಳು ಆಗಲೇ ಜಗಲಿಯಲ್ಲಿ ಕೂತಿದ್ದರು. ಅಪ್ಪ ಅಮ್ಮ ತೋಟಕ್ಕೆ ಬೇಗ ಹೋಗುತ್ತಾರೆ, ಮನೆಗೆ ಬೀಗ ಹಾಕಿ ಮಕ್ಕಳನ್ನು ಶಾಲೆ ಕಡೆ ಅಟ್ಟುತ್ತಾರೆ. ಹಾಗಾಗಿ ನಮ್ಮಲ್ಲಿ ದಿನ ಗಂಟೆ ಹೊಡೆದಾಗ ಶುರುವಾಗುವುದಿಲ್ಲ, ನಾನು ಬೀಗ ತೆಗೆದಾಗ ಶುರು. ಮೂರನೇ ತರಗತಿಯ ಒಬ್ಬಳು ಎರಡು ವರ್ಷದ ತಮ್ಮನನ್ನೂ ಸೊಂಟದ ಮೇಲೆ ಹೊತ್ತು ತಂದಿದ್ದಳು. ಅಂಗನವಾಡಿ ದೂರ, ಅಮ್ಮ ಕುಯ್ಲಿಗೆ ಹೋಗಿದ್ದಾರೆ. ನಿಯಮ ಕೇಳಿದರೆ ಬೇರೆ ಇರಬಹುದು. ತಮ್ಮ ಬೇಡ ಅಂದರೆ ಅಕ್ಕನೂ ಬರುವುದಿಲ್ಲ. ಇಬ್ಬರೂ ಬರಲಿ ಅಂತ ನಾನು ಬಿಟ್ಟಿದ್ದೇನೆ. ಅವನಿಗೊಂದು ಸ್ಲೇಟು, ಒಂದು ಬಳಪ. ಬಳಪ ತಿನ್ನುತ್ತಾನೆ, ಅದೊಂದು ನೋಡಿಕೊಳ್ಳಬೇಕು.

ಒಳಗೆ ಬಂದವರು ಮೊದಲು ಹವಾಮಾನ ಪಟಕ್ಕೆ ಕಾರ್ಡು ಹಾಕುತ್ತಾರೆ. ನನಗೆ ಬಂದ ಪಟದಲ್ಲಿ ಬಿಸಿಲು, ಮೋಡ, ಮಳೆ, ಗಾಳಿ ಇತ್ತು. ಮಂಜು ಇರಲಿಲ್ಲ! ಕೊಡಗಿನ ಜನವರಿ ಬೆಳಗ್ಗೆಗೆ ಮಂಜಿನ ಕಾರ್ಡಿಲ್ಲ ಅಂದರೆ ಹೇಗೆ? ಎರಡು ವರ್ಷದ ಹಿಂದೆ ಒಬ್ಬ ಹುಡುಗ ಬೂದು ಬಣ್ಣದ ರಟ್ಟಿನ ಮೇಲೆ ಬಿಳಿ ಸೀಮೆಸುಣ್ಣ ಅಡ್ಡಡ್ಡ ಉಜ್ಜಿ ‘ಟೀಚರ್, ಇದು ನಮ್ಮ ಗೇಟು, ಕಾಣಲ್ಲ’ ಅಂದ. ಅದೇ ಈಗ ನಮ್ಮ ಮಂಜಿನ ಕಾರ್ಡು. ಹನ್ನೊಂದಕ್ಕೆ ಬಿಸಿಲು ಬಂದ ಮೇಲೆ ಕಾರ್ಡು ಬದಲಿಸುವ ಕೆಲಸ ಒಂದನೆಯವರದು. ಅದಕ್ಕಾಗಿ ಜಗಳ ಆಗುತ್ತದೆ.

ಪ್ರಾರ್ಥನೆ, ನಾಡಗೀತೆ, ಸಂವಿಧಾನದ ಪೀಠಿಕೆ. ಅದು ಎಲ್ಲ ಕಡೆ ಒಂದೇ. ಹಾಲೂ ಅಷ್ಟೇ.

ಆಮೇಲೆ ನಾನು ಯಾವತ್ತೂ ಬಿಡದ ಒಂದು ಕೆಲಸ ಇದೆ. ಎಲ್ಲರೂ ಸುತ್ತ ಕೂತು ಇಪ್ಪತ್ತು ನಿಮಿಷ ಮಾತು. ಕಾರ್ಡಿಲ್ಲ, ಪುಸ್ತಕ ಇಲ್ಲ. ಭಾಷೆ ಕಷ್ಟ ಅಂದಿರಲ್ಲ, ಅದಕ್ಕೇ ಇದನ್ನು ಉದ್ದ ಬರೆಯುತ್ತಿದ್ದೇನೆ.

ನಾನು ಈ ಶಾಲೆಗೆ ಬಂದ ಮೊದಲ ವರ್ಷ ‘ರಾತ್ರಿ ಏನು ತಿಂದೆ’ ಅಂತ ಒಬ್ಬ ಕೊಡವ ಹುಡುಗನನ್ನು ಕೇಳಿದೆ. ‘ಕೂಳ್’ ಅಂದ. ನಮ್ಮ ಕಡೆ ಕೂಳು ಅಂದರೆ ಗೊತ್ತಲ್ಲ, ಕೂಳಿಗೆ ದಂಡ ಭೂಮಿಗೆ ಭಾರ ಅಂತ ಬೈಯುವಾಗ ಬರುವ ಮಾತು. ‘ಹಾಗೆಲ್ಲ ಅನ್ನಬಾರದು ಮಗ, ಅನ್ನ ಅನ್ನು’ ಅಂದುಬಿಟ್ಟೆ. ಹುಡುಗ ಒಂದು ವಾರ ಬಾಯಿ ಬಿಡಲಿಲ್ಲ. ಪುತ್ತರಿಗೆ, ಅಂದರೆ ಕೊಡಗಿನ ಸುಗ್ಗಿ ಹಬ್ಬಕ್ಕೆ, ಅವರ ಮನೆಗೆ ಊಟಕ್ಕೆ ಕರೆದರು. ಅಜ್ಜಿ ನನ್ನ ತಟ್ಟೆಗೆ ತುಪ್ಪದನ್ನ ಬಡಿಸುತ್ತಾ ‘ನೆಯ್ ಕೂಳ್, ಟೀಚರೇ, ಇನ್ನೊಂಚೂರು’ ಅಂದರು. ಹುಡುಗ ಬಾಗಿಲ ಸಂದಿಯಿಂದ ನನ್ನ ಮುಖ ನೋಡುತ್ತಿದ್ದ. ಆ ಊಟ ನನಗೆ ಗಂಟಲಲ್ಲಿ ಇಳಿಯಲಿಲ್ಲ ಸರ್.

ಈಗ ಗೋಡೆಯಲ್ಲಿ ಒಂದು ಉದ್ದ ಹಾಳೆ ಇದೆ. ಒಂದು ಸಾಲಿನಲ್ಲಿ ಅನ್ನ, ಕೂಳ್, ಚೋರ್, ನುಪ್ಪು, ಭಾತ್. ಎಲ್ಲ ಕನ್ನಡ ಲಿಪಿಯಲ್ಲೇ. ಮಕ್ಕಳು ಹೇಳಿದ್ದು, ಮೂರನೆಯವರು ಬರೆದದ್ದು. ಎರಡು ಅನ್ನುವುದಕ್ಕೆ ಕೊಡವರ ಮಕ್ಕಳು ‘ದಂಡ್’ ಅಂದಾಗ ಉಳಿದವರು ಇನ್ನೂ ನಗುತ್ತಾರೆ. ನಗಲಿ. ಅವರು ತಿರುಗಿ ‘ನಿಮ್ಮದು ಹೇಳಿ’ ಅನ್ನುತ್ತಾರೆ, ಇವರು ಹೇಳುತ್ತಾರೆ, ಲೆಕ್ಕ ಸಮ. ನಿಮ್ಮ ‘ಯಾಕ ಹಂಗ ಕುಂತಿ’ಯನ್ನೂ ಆ ಹಾಳೆಗೆ ಸೇರಿಸಿ. ಮೇಷ್ಟ್ರ ಭಾಷೆಗೂ ಒಂದು ಸಾಲು ಇರಲಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ನನ್ನ ಊಹೆ ಹೇಳುತ್ತೇನೆ, ತಪ್ಪಾದರೆ ಬೈಯಿರಿ. ನೀವು ನೇರ ಒಂದನೆಯವರ ಹತ್ತಿರ ಹೋಗಿ ಕೂರುತ್ತೀರಿ. ಅವರಿಗೇ ನಿಮ್ಮ ಅಗತ್ಯ ಜಾಸ್ತಿ ಅಂತ. ನಾನೂ ಹಾಗೇ ಮಾಡುತ್ತಿದ್ದೆ. ಅದು ತಲೆಕೆಳಗು. ಮೊದಲು ನಾನಿಲ್ಲದೆ ನಡೆಯುವವರನ್ನು ಕೂರಿಸಬೇಕು. ಸ್ವಕಲಿಕೆ ತಟ್ಟೆ ಮೊದಲು, ಗೆಳೆಯರ ಸಹಾಯದ ತಟ್ಟೆಗಳು ಆಮೇಲೆ. ಅವರ ಕೈಗೆ ಕಾರ್ಡು ಬಂತಾ, ಪೆನ್ಸಿಲ್ ಇದೆಯಾ, ನೀರು ಕುಡಿದಾಯಿತಾ, ಎಲ್ಲ ನೋಡಿ. ಹತ್ತು ನಿಮಿಷ ಅದಕ್ಕೇ ಹೋಗುತ್ತದೆ, ಹೋಗಲಿ. ಎಲ್ಲ ಮುಗಿದ ಮೇಲೆ ನಿಮ್ಮ ತಟ್ಟೆಗೆ ಬನ್ನಿ. ಅಲ್ಲಿ ಐದಕ್ಕಿಂತ ಜಾಸ್ತಿ ಮಕ್ಕಳು ಬೇಡ. ಒಂದನೆಯವರೆಲ್ಲ ಅಲ್ಲೇ ಇರಬೇಕು ಅಂತಲೂ ಇಲ್ಲ. ನನ್ನ ತಟ್ಟೆಯಲ್ಲಿ ಆ ದಿನ ಮೂರನೆಯವನೊಬ್ಬ ಇದ್ದ, ಒತ್ತಕ್ಷರ ಅವನಿಗೆ ಇನ್ನೂ ಹತ್ತಿಲ್ಲ.

ಇನ್ನೊಂದು. ನನ್ನ ಮೇಜಿನ ಮೇಲೆ ಒಂದು ಹಳೇ ಸೇರು ಇದೆ, ಅಕ್ಕಿ ಅಳೆಯುವ ಸೇರು. ಅದು ಬೋರಲಾಗಿದ್ದರೆ ಯಾರೂ ನನ್ನ ಹತ್ತಿರ ಬರುವ ಹಾಗಿಲ್ಲ. ಗೆಳೆಯರನ್ನು ಕೇಳಿ, ಅವರಿಗೂ ಗೊತ್ತಿಲ್ಲದಿದ್ದರೆ ಕಾರ್ಡು ಪಕ್ಕಕ್ಕಿಟ್ಟು ಬೇರೆ ಏನಾದರೂ ಮಾಡಿ. ಸೇರು ನೆಟ್ಟಗಾದ ಮೇಲೆ ಬನ್ನಿ. ರಕ್ತ ಬಂದರೆ, ಉಚ್ಚೆ ಬಂದರೆ ಮಾತ್ರ ಬರಬಹುದು. ಈ ಒಂದು ಸೇರು ನನ್ನ ಗಂಟಲನ್ನು ಕಾಪಾಡಿದ ಹಾಗೆ ಯಾವ ಕಷಾಯವೂ ಕಾಪಾಡಿಲ್ಲ.

ಮಧ್ಯೆ ಒಂದು ಲೆಕ್ಕ ಅಡುಗೆಮನೆಗೆ ಹೋಗುತ್ತದೆ. ಮೂರನೆಯವರು ತಲೆ ಎಣಿಸಿ, ಮಗುವಿಗೆ 100 ಗ್ರಾಂ ಅಕ್ಕಿ ಅಂದರೆ 17 ಜನಕ್ಕೆ ಎಷ್ಟು ಅಂತ ಸ್ಲೇಟಿನಲ್ಲಿ ಹಾಕಿ ಅಡುಗೆ ಅಕ್ಕನಿಗೆ ತೋರಿಸಬೇಕು. ಒಂದು ಕಿಲೋ 700. ಬೇಳೆ 20 ಗ್ರಾಂನ ಲೆಕ್ಕ, ಅದು ಕಷ್ಟ, ಇಬ್ಬರು ಸೇರಿ ಮಾಡುತ್ತಾರೆ. ಮೊಟ್ಟೆ 14, ಬಾಳೆಹಣ್ಣು 3. ನಾಲ್ಕು, ಐದನೆಯವರದು ಬೇರೆ ಸ್ಲೇಟು. ಅಕ್ಕ ಕಣ್ಣಳತೆಯಲ್ಲೇ ಎಲ್ಲ ಹಾಕಿರುತ್ತಾರೆ. ‘ನಿಮ್ಮ ಲೆಕ್ಕ ಮುಗಿಯುವಷ್ಟರಲ್ಲಿ ನನ್ನ ಅನ್ನ ಬೆಂದಿರುತ್ತೆ’ ಅಂತ ದಿನಾ ಹೇಳುತ್ತಾರೆ. ಆದರೂ ಸ್ಲೇಟು ನೋಡದೆ ಕಳಿಸುವುದಿಲ್ಲ.

ಗಣಿತಕ್ಕೆ ಆ ದಿನ ಕಾಫಿ ಹಣ್ಣು. ಪಕ್ಕದ ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಕೇಳಿ ಒಂದು ಚೀಲದ ತಳದಷ್ಟು ತಂದಿದ್ದೆ. ಒಂದನೆಯವರು ಹಣ್ಣು ಎಣಿಸಿ ತೆಂಗಿನ ಚಿಪ್ಪಿಗೆ ಹಾಕುವುದು. ಎರಡನೆಯವರು ಹತ್ತತ್ತರ ಗುಂಪು ಮಾಡುವುದು. ಮೂರನೆಯವರಿಗೆ ತಲಾ ಹತ್ತು ಹಣ್ಣು: ಹಿಚುಕಿ, ಬೀಜ ಎಣಿಸಿ. ಒಂದು ಹಣ್ಣಿಗೆ ಎರಡು ಬೀಜ, ಹತ್ತು ಹಣ್ಣಿಗೆ ಎಷ್ಟು? ಎರಡರ ಮಗ್ಗಿ ಕೈಯಲ್ಲೇ ಬರುತ್ತದೆ ಅಂತ ನನ್ನ ಲೆಕ್ಕಾಚಾರ.

ನಾಲ್ವರಿಗೆ 20 ಬಂತು. ಅಸ್ಸಾಂನ ಹುಡುಗಿ ಒಬ್ಬಳಿಗೆ 19. ಕಳೆದ ಕುಯ್ಲಿಗೆ ಬಂದವಳು ಅವಳು, ಕೇಳಿದರೆ ತಲೆ ಆಡಿಸುತ್ತಾಳೆ, ಮಾತಿಲ್ಲ. ಪಕ್ಕದವನು ‘ಒಂದು ಬಿದ್ದುಹೋಗಿದೆ ನೋಡು’ ಅಂದ. ನಾನೂ ‘ಇನ್ನೊಮ್ಮೆ ಎಣಿಸು’ ಅಂದೆ. ಎಣಿಸಿದಳು. 19. ಬೀಜದ ಲೋಳೆ ಕೈಗೆಲ್ಲ ಅಂಟಿಕೊಂಡಿತ್ತು. ಲಂಗಕ್ಕೆ ಒರೆಸಿಕೊಂಡು ಬೀಜಗಳನ್ನು ಜೋಡಿ ಜೋಡಿಯಾಗಿ ನೆಲದ ಮೇಲೆ ಇಟ್ಟಳು. ಚಪ್ಪಟೆ ಬದಿ ಚಪ್ಪಟೆ ಬದಿಗೆ ಮುಟ್ಟುವ ಹಾಗೆ. ಒಂಬತ್ತು ಜೋಡಿ ಆಯಿತು. ಉಳಿದದ್ದು ಒಂದು, ಅದಕ್ಕೆ ಚಪ್ಪಟೆ ಬದಿಯೇ ಇಲ್ಲ, ಬಟಾಣಿ ಹಾಗೆ ದುಂಡಗೆ. ಅದನ್ನು ಒಂದು ಅಂಗೈಯಲ್ಲಿ, ಅದರ ಸಿಪ್ಪೆಯನ್ನು ಇನ್ನೊಂದು ಅಂಗೈಯಲ್ಲಿ ಹಿಡಿದು ನನ್ನ ಮುಂದೆ ಬಂದು ನಿಂತಳು. ಸೇರು ಬೋರಲಾಗಿತ್ತು, ಆದರೂ ಬಂದಳು. ‘ಒಂದೇ’ ಅಂದಳು.

ನಾನು ಕೇಳದೆ ಅವಳು ಆಡಿದ ಮೊದಲ ಕನ್ನಡ ಮಾತು ಅದು.

ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗ್‌ನಲ್ಲಿ ಅಪ್ಪ ಕೆಲಸ ಮಾಡುವ ಹುಡುಗನೊಬ್ಬ ಎದ್ದು ‘ಅದು ಪೀಬೆರಿ! ಅದನ್ನ ಬೇರೆ ಆರಿಸ್ತಾರೆ’ ಅಂದ. ಮುಗಿಯಿತು. ಹದಿನೇಳೂ ಜನ ಪೀಬೆರಿ ಹುಡುಕಲು ಕೂತರು. ಒಂದನೆಯವರ ಚಿಪ್ಪು ಖಾಲಿ, ಎರಡನೆಯವರ ಹತ್ತತ್ತರ ಗುಂಪು ಮಾಯ. ನೆಲವೆಲ್ಲ ಕೆಂಪು ಸಿಪ್ಪೆ, ಕೋಣೆಗೆಲ್ಲ ಇರುವೆ. ನನ್ನ ಯೋಜನೆ ಪೂರ್ತಿ ಹಾಳಾಯಿತು. ಆ ಹೊತ್ತಿನ ಪ್ರಗತಿ ನೋಟದಲ್ಲಿ ಏನು ತುಂಬಬೇಕು ಅಂತ ಸಂಜೆವರೆಗೂ ಹೊಳೆಯಲಿಲ್ಲ. ಒಟ್ಟು ಆರು ಪೀಬೆರಿ ಸಿಕ್ಕಿತು, ಮೂರು ಅವಳಿಗೇ.

ಮಧ್ಯಾಹ್ನ ಊಟದ ಮೇಲೆ ಪಾಠ ತಲೆಗೆ ಹೋಗುತ್ತದೆ ಅಂತ ನಂಬಬೇಡಿ. ಚಿಕ್ಕವರನ್ನು ಅರ್ಧ ಗಂಟೆ ಮಲಗಲು ಬಿಡುತ್ತೇನೆ. ಆಮೇಲೆ ಪರಿಸರದ ಪಾಠ ಹೊರಗೆ, ಬೇಲಿ ದಾಟದೆ. ಆನೆ ಬಂದಿದೆ ಅಂತ ಮೆಸೇಜ್ ಇದ್ದ ದಿನ ಅದೂ ಇಲ್ಲ. ಮಂಗಳವಾರ ಸಿಲ್ವರ್ ಮರಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿಯ ಎಲೆ, ಕಾಫಿ ಎಲೆ, ಬಾಳೆ ಎಲೆಯ ತುಂಡು. ಕಾಗದದ ಕೆಳಗಿಟ್ಟು ಕ್ರೇಯಾನ್ ಉಜ್ಜಿ ನರ ಮೂಡಿಸುವುದು. ಕೋಣೆಯಲ್ಲಿ ತಲೆ ಮೇಲೆ ಕಟ್ಟಿದ ಚಪ್ಪರದ ದಾರಕ್ಕೆ ಕಟ್ಟಿದರೆ ಮಕ್ಕಳಿಗೆ ಮರುದಿನ ತಮ್ಮದು ಯಾವುದು ಅಂತ ಹುಡುಕುವ ಖುಷಿ. ಕೊನೆಗೆ ಒಂದು ಇಂಗ್ಲಿಷ್ ಹಾಡು, ಕುಣಿತ. ಮನೆಗೆ ಗುಂಪಾಗಿ, ದೊಡ್ಡವರೊಬ್ಬರ ಜೊತೆ. ಅಷ್ಟೇ.

ಎರಡು ಮಕ್ಕಳ ಅಪ್ಪ, ಗೋಣಿಕೊಪ್ಪ

ಓದಲು ಚೆನ್ನಾಗಿದೆ ಟೀಚರ್. ಆದರೆ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನನ್ನ ಮಗಳೂ ಸರ್ಕಾರಿ ಶಾಲೆ, ಮೂರನೆಯದು. ಹಾಡು ಬರುತ್ತೆ, ಚಿತ್ರ ಬರುತ್ತೆ, ಏಳರ ಮಗ್ಗಿ ಕೇಳಿದರೆ ಬೆರಳು ಎಣಿಸುತ್ತಾಳೆ. ನಮ್ಮ ಮೇಷ್ಟ್ರು ಬೆತ್ತ ಹಿಡಿದು ಇಪ್ಪತ್ತರವರೆಗೂ ಬಾಯಿಪಾಠ ಮಾಡಿಸಿದ್ದರು, ಇವತ್ತಿಗೂ ಮರೆತಿಲ್ಲ. ಪೀಬೆರಿ ಹುಡುಕುವುದರಲ್ಲಿ ಒಂದು ದಿನ ಹೋದರೆ ಮಗ್ಗಿ ಯಾವಾಗ?

ಮಂಜಿನ ಟೀಚರ್

ಬೇಜಾರಿಲ್ಲ ಅಣ್ಣ, ಸರಿಯಾಗೇ ಕೇಳಿದಿರಿ. ಬಾಯಿಪಾಠ ಬೇಡ ಅಂತ ನಾನು ಎಲ್ಲೂ ಹೇಳಿಲ್ಲ. ಹಾಲಿಗೆ ಸಾಲು ನಿಂತಾಗ, ಕೈ ತೊಳೆಯಲು ನಿಂತಾಗ ನಾವು ಮಗ್ಗಿ ಹೇಳಿಸುತ್ತೇವೆ. ಸಾಲಿನ ಮುಂದಿನವರು ಶುರು ಮಾಡಿದರೆ ಹಿಂದಿನವರು ಮುಗಿಸಬೇಕು. ಮೂರನೆಯದು ಮುಗಿಯುವಾಗ ಹತ್ತರವರೆಗೆ ಬಂದಿರಬೇಕು ಅನ್ನುವುದು ನನ್ನ ಹಟ. ಎಲ್ಲರಿಗೂ ಬರುತ್ತದಾ? ಇಲ್ಲ. ಕಳೆದ ವರ್ಷ ಇಬ್ಬರು ಎಂಟರಲ್ಲೇ ನಿಂತರು. ಮಗಳಿಗೆ ಏಳರದ್ದು ದಿನಾ ಬಸ್ಸಿಗೆ ಕಾಯುವಾಗ ಕೇಳಿ, ಸುಮ್ನೆ ಆಟದ ಹಾಗೆ. ಬೆತ್ತ ಮಾತ್ರ ಬೇಡ.

ನಿವೃತ್ತ ಮೇಷ್ಟ್ರು, ನಾಪೋಕ್ಲು

ಹೊಸ ಮೇಷ್ಟ್ರಿಗೆ ಎರಡು ಮಾತು. ನಲಿಕಲಿ ಅನ್ನುವುದು ದೂರದಿಂದ ಬಂದ ಭೂತ ಅಲ್ಲ. 1995ರಲ್ಲಿ ಶುರುವಾಗಿದ್ದು ಹೆಗ್ಗಡದೇವನಕೋಟೆಯಲ್ಲಿ, ನಾಗರಹೊಳೆ ಕಾಡಿನ ಆಚೆ ಬದಿ. ಆಂಧ್ರದ ರಿಷಿವ್ಯಾಲಿಯಲ್ಲಿ ಒಂದೇ ಕೋಣೆಯ ಶಾಲೆಗಳು ಹೇಗೆ ನಡೆಯುತ್ತವೆ ಅಂತ ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ ಇಲ್ಲಿನ ಮೇಷ್ಟ್ರುಗಳೇ ಕೂತು ಕಾರ್ಡು ಮಾಡಿದ್ದು. ರಾಜ್ಯಕ್ಕೆಲ್ಲ ಬಂದದ್ದು 2009ರ ಹೊತ್ತಿಗೆ. ಅಂದರೆ ಬುಡಕಟ್ಟು ಹಾಡಿಯ ಮಕ್ಕಳು, ಅರ್ಧ ದಿನ ಬರುವ ಮಕ್ಕಳು, ಒಬ್ಬನೇ ಮೇಷ್ಟ್ರು, ಇಂಥ ಕಡೆಯೇ ಹುಟ್ಟಿದ್ದು ಅದು. ಕಾರ್ಡು ದೇವರಲ್ಲ. ನಿಮ್ಮ ಊರಿಗೆ ಹೊಂದದಿದ್ದರೆ ನೀವೂ ಒಂದು ಕಾರ್ಡು ಬರೆಯಿರಿ, ಟೀಚರ್ ಶಾಲೆಯ ಹುಡುಗ ಮಂಜಿನ ಕಾರ್ಡು ಮಾಡಿದ ಹಾಗೆ.

ಎರಡನೆಯದು ಮಳೆ. ನೀವು ಬಂದಿರುವುದು ಒಳ್ಳೇ ಕಾಲದಲ್ಲಿ. ಜೂನ್ ಬರಲಿ. ಶೀಟಿನ ಮಾಡಿನ ಮೇಲೆ ಮಳೆ ಬಿದ್ದರೆ ಪಕ್ಕದಲ್ಲಿ ಕೂತವನ ಮಾತೂ ಕೇಳುವುದಿಲ್ಲ. ಆಗ ಕೂಗಬೇಡಿ. ಮಳೆ ಜೋರಾದ ಕೂಡಲೇ ಕೈಯ ಕೆಲಸಕ್ಕೆ ಬದಲಿಸಿ: ಬರವಣಿಗೆ, ಮಣ್ಣು, ಕಾಗದ, ಬೀಜ. ಕಮ್ಮಿಯಾದಾಗ ಓದು. ನನ್ನ ಕೋಣೆಯಲ್ಲಿ ‘ಮಳೆ ಪೆಟ್ಟಿಗೆ’ ಅಂತಲೇ ಒಂದು ಇತ್ತು, ಜೋರು ಮಳೆಗೆ ಮಾತ್ರ ತೆಗೆಯುವುದು. ಬಾಗಿಲಲ್ಲಿ ಕಾಲು ನೋಡಿ ಒಳಗೆ ಬಿಡಿ, ಜಿಗಣೆ ಇರುತ್ತದೆ. ಒಂದು ಡಬ್ಬಿ ಉಪ್ಪು ಇಟ್ಟುಕೊಳ್ಳಿ. ಒದ್ದೆ ಸಾಕ್ಸು ಅಡುಗೆಮನೆ ಒಲೆ ಪಕ್ಕ ಒಣಗಿಸಲು ಅಡುಗೆ ಅಕ್ಕನನ್ನು ಈಗಿನಿಂದಲೇ ಒಲಿಸಿಕೊಳ್ಳಿ. ಮಳೆಗೆ ಕಲೆಕ್ಟರ್ ರಜೆ ಕೊಟ್ಟರೆ ಖುಷಿಪಡಬೇಡಿ, ಶನಿವಾರ ಮಧ್ಯಾಹ್ನ ವಾಪಸ್ ಕೇಳುತ್ತಾರೆ.

ಬಯಲುಸೀಮೆ ಮೇಷ್ಟ್ರು

ಎಲ್ಲರಿಗೂ ಧನ್ಯವಾದ. ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ, ಮಾಡಿ ನೋಡಿ ಹೇಳೋಣ ಅಂತ.

ಮೊದಲು ದೊಡ್ಡವರನ್ನು ಕೂರಿಸುವುದು ಎರಡನೇ ದಿನದಿಂದ ಸರಿ ಹೋಯಿತು. ಮೊದಲ ದಿನ ಪೆನ್ಸಿಲ್ ಹುಡುಕುವುದರಲ್ಲೇ ಅರ್ಧ ಗಂಟೆ ಹೋಗಿತ್ತು. ಈಗ ಒಂದು ಡಬ್ಬಿಯಲ್ಲಿ ಚೂಪು ಮಾಡಿದ ಹತ್ತು ಪೆನ್ಸಿಲ್ ನಾನೇ ಇಡುತ್ತೇನೆ. ಕಿಟಕಿ ಹತ್ತುವುದು ಪೂರ್ತಿ ನಿಂತಿಲ್ಲ, ಕಮ್ಮಿಯಾಗಿದೆ. ಗಂಟಲು ಮಧ್ಯಾಹ್ನದವರೆಗೆ ಉಳಿಯುತ್ತಿದೆ.

ಭಾಷೆಯ ಹಾಳೆ ಅಂಟಿಸಿದೆವು. ಅನ್ನದ ಸಾಲಿನಲ್ಲಿ ಏಳು ಮಾತಾಯಿತು. ಹಾಡಿಯಿಂದ ಬರುವ ಹುಡುಗಿ ತನ್ನ ಯರವ ಮಾತಿನಲ್ಲಿ ಹೇಳಿದ್ದನ್ನು ನಾನು ಮೂರು ಸಲ ಬರೆದೆ, ಮೂರು ಸಲವೂ ‘ಹಾಗಲ್ಲ ಸಾರ್’ ಅಂದಳು. ನಾಳೆ ಅವಳ ಅಮ್ಮನನ್ನು ಕೇಳಬೇಕು. ‘ಯಾಕ ಹಂಗ ಕುಂತಿ’ ಈಗ ಎಲ್ಲರ ಬಾಯಲ್ಲೂ ಇದೆ. ಹೆಡ್ ಮೇಡಂಗೂ ಒಬ್ಬ ಹಾಗೇ ಕೇಳಿದನಂತೆ, ಸಂಜೆ ನನ್ನನ್ನು ಕರೆದು ವಿಚಾರಿಸಿದರು.

ಸೇರು ಎಲ್ಲೂ ಸಿಗಲಿಲ್ಲ. ನನ್ನ ಸ್ಟೀಲ್ ಟೀ ಲೋಟವನ್ನೇ ಬೋರಲು ಹಾಕಿ ನಿಯಮ ಹೇಳಿದೆ. ಎಲ್ಲರೂ ತಲೆ ಆಡಿಸಿದರು. ಹತ್ತು ನಿಮಿಷ ಬಹಳ ಚೆನ್ನಾಗಿ ನಡೆಯಿತು. ಆಮೇಲೆ ಒಂದನೆಯ ತರಗತಿಯವನೊಬ್ಬ ಎದ್ದು ಬಂದ. ನನ್ನ ಮುಖ ನೋಡಲಿಲ್ಲ. ಎರಡೂ ಕೈಯಿಂದ ಲೋಟ ಎತ್ತಿ ನೆಟ್ಟಗೆ ಇಟ್ಟ. ಆಮೇಲೆ ‘ಸಾರ್, ಇದು ಯಾವ ಅಕ್ಷರ?’ ಅಂದ.